ಪವರ್ ಕಾರ್ಡ್ ಕೊಳ್ಳುವಾಗ ನೋಡಬೇಕಾದದ್ದು ತಾಮ್ರವನ್ನು, ದಪ್ಪವನ್ನಲ್ಲ

ಮಾನ್ಯ ಸಂಪಾದಕರೇ,

ಮನೆಯಲ್ಲಿ ಸಂಗೀತ ಕೇಳುವ ಸಲಕರಣೆಗಳ ಕುರಿತು ತಮ್ಮ ಪತ್ರಿಕೆಯ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ಲೇಖನ ಬಹುಮಟ್ಟಿಗೆ ಉಪಯುಕ್ತವಾಗಿತ್ತು. ಆದರೆ ಆಂಪ್ಲಿಫೈಯರಿನ ಜೊತೆ ಬಂದ ಪವರ್ ಕಾರ್ಡನ್ನು ಬದಿಗಿಟ್ಟು, ದುಬಾರಿಯಾದ ದಪ್ಪನೆಯ ಕಾರ್ಡ್ ಹಾಕಿಕೊಂಡರೆ ನಾದ ತಿಳಿಯಾಗುತ್ತದೆ ಎಂಬ ಅದರ ಕೊನೆಯ ಸಲಹೆಯನ್ನು ಒಪ್ಪಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ಲೆಕ್ಕ ಸರಳವಾಗಿದೆ. 0.75 ಚದರ ಮಿಲಿಮೀಟರ್ ಗಾತ್ರದ ತಾಮ್ರದ ತಂತಿಗೆ ಕಿಲೋಮೀಟರಿಗೆ ಹೆಚ್ಚೆಂದರೆ 26 ಓಮ್ ರೋಧವಿರುತ್ತದೆ. ಒಂದೂವರೆ ಮೀಟರ್ ಉದ್ದದ ಕಾರ್ಡಿನಲ್ಲಿ ವಿದ್ಯುತ್ತು ಹೋಗಿ ಬರುವ ದಾರಿ 3 ಮೀಟರ್ ಎಂದುಕೊಂಡರೆ ಒಟ್ಟು ರೋಧ 0.08 ಓಮ್ ಕೂಡ ಆಗುವುದಿಲ್ಲ. 230 ವೋಲ್ಟಿನಲ್ಲಿ 200 ವಾಟ್ ಎಳೆಯುವ ಆಂಪ್ಲಿಫೈಯರಿಗೆ ಸುಮಾರು ಒಂದು ಆಂಪಿಯರ್ ಬೇಕಾಗುವುದರಿಂದ, ಕಾರ್ಡಿನಲ್ಲಿ ನಷ್ಟವಾಗುವುದು ಒಂದು ವೋಲ್ಟಿನ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಆಂಪ್ಲಿಫೈಯರ್ ವಿದ್ಯುತ್ತನ್ನು ಸಮನಾಗಿ ಎಳೆಯದೆ ಗುಟುಕು ಗುಟುಕಾಗಿ ಎಳೆಯುತ್ತದೆ ಎಂಬ ಆಕ್ಷೇಪವನ್ನು ನಾನು ಬಲ್ಲೆ, ಅದು ನಿಜವೂ ಹೌದು. ಆ ಗುಟುಕು ಸರಾಸರಿಯ ಐದು ಪಟ್ಟು ಎಂದಿಟ್ಟುಕೊಂಡರೂ ನಷ್ಟ ಅರ್ಧ ವೋಲ್ಟನ್ನು ಮುಟ್ಟುವುದಿಲ್ಲ. ಸಂಜೆ ದೀಪಗಳು ಹೊತ್ತಿಕೊಳ್ಳುವ ಹೊತ್ತಿಗೆ ಸಾಕೆಟ್ಟಿನ ವೋಲ್ಟೇಜೇ ಇದರ ಹಲವು ಪಟ್ಟು ಏರಿಳಿಯುತ್ತಿರುತ್ತದೆ. ಗೋಡೆಯೊಳಗೆ ಹತ್ತಾರು ಮೀಟರ್ ಸಾಮಾನ್ಯ ತಂತಿಯಲ್ಲಿ ಹರಿದು ಬಂದ ವಿದ್ಯುತ್ತು ಕೊನೆಯ ಒಂದೂವರೆ ಮೀಟರಿನಲ್ಲಿ ಶುದ್ಧವಾಗಿಬಿಡುತ್ತದೆ ಎಂದು ನಂಬಲು ನನಗಂತೂ ಕಷ್ಟ. ಒಮ್ಮೆ ಮನೆಯವರಿಗೆ ಹೇಳಿ, ನನಗೆ ಕಾಣದಂತೆ ಎರಡು ಕಾರ್ಡುಗಳನ್ನು ಅದಲುಬದಲು ಮಾಡಿಸಿ ಕೇಳಿದೆ. ಹತ್ತು ಸಲದಲ್ಲಿ ಆರು ಸಲ ಸರಿಯಾಗಿ ಹೇಳಿದೆ, ನಾಣ್ಯ ಚಿಮ್ಮಿ ಹೇಳಿದ್ದರೂ ಹೆಚ್ಚುಕಡಿಮೆ ಅಷ್ಟೇ ಆಗುತ್ತಿತ್ತು.

ಹಾಗೆಂದು ಸಿಕ್ಕಿದ ಕಾರ್ಡನ್ನೆಲ್ಲ ಹಾಕಬಹುದು ಎಂದು ನಾನು ಹೇಳುತ್ತಿಲ್ಲ. ಹಳೆಯ ಕಾರ್ಡ್ ಕಳೆದುಹೋದಾಗ ನಾನು ಕೊಂಡುತಂದ ಬದಲಿ ಕಾರ್ಡ್ ಹೆಬ್ಬೆರಳಿನಷ್ಟು ದಪ್ಪವಾಗಿತ್ತು, ಮೇಲೆ ನೈಲಾನ್ ಹೆಣಿಗೆಯೂ ಇತ್ತು. ಅದನ್ನು ಹಾಕಿದ ದಿನದಿಂದ ಆಂಪ್ಲಿಫೈಯರಿನ ಲೋಹದ ಕವಚವನ್ನು ಬೆರಳಿನ ಹಿಂಬದಿಯಿಂದ ಸವರಿದರೆ ಜುಮ್ಮೆನ್ನುತ್ತಿತ್ತು. ಅನುಮಾನ ಬಂದು ಕಾರ್ಡನ್ನು ಕತ್ತರಿಸಿ ನೋಡಿದರೆ ಹೆಣಿಗೆಯ ಕೆಳಗೆ ಬರೀ ರಬ್ಬರಿನಂಥ ತುಂಬುವಸ್ತು, ಅದರ ನಡುವೆ ಕಂದು ಮತ್ತು ನೀಲಿ ಬಣ್ಣದ ಎರಡೇ ತಂತಿಗಳು! ಪ್ಲಗ್ಗಿಗೆ ಮೂರು ಪಿನ್ನುಗಳಿದ್ದರೂ ಕವಚಕ್ಕೆ ಸೋರಿದ ವಿದ್ಯುತ್ತನ್ನು ನೆಲಕ್ಕೆ ಒಯ್ಯಲು ಅರ್ಥ್ ಪಿನ್ನಿಗೆ ಹೋಗಬೇಕಾದ ಹಸಿರು-ಹಳದಿ ತಂತಿ ಇರಲೇ ಇಲ್ಲ. ಇದ್ದ ಎಳೆಗಳನ್ನು ಬ್ಲೇಡಿನಿಂದ ಕೆರೆದಾಗ ತಾಮ್ರದ ಬಣ್ಣ ಮೇಲಿನ ಲೇಪ ಮಾತ್ರವಾಗಿದ್ದು, ಒಳಗೆ ಬೆಳ್ಳಗಿನ ಅಲ್ಯೂಮಿನಿಯಂ ಕಾಣಿಸಿತು. ಅಲ್ಯೂಮಿನಿಯಂ ತಾಮ್ರದ ಸುಮಾರು ಶೇಕಡಾ ಅರವತ್ತರಷ್ಟು ಮಾತ್ರ ವಿದ್ಯುತ್ತನ್ನು ಒಯ್ಯಬಲ್ಲದು, ಬಿಗಿದ ಜಾಗದಲ್ಲಿ ಕಾಲಕ್ರಮೇಣ ಸಡಿಲಗೊಂಡು ಬಿಸಿಯೇರುವ ಗುಣವೂ ಅದಕ್ಕಿದೆ.

ಆದುದರಿಂದ ಕೊಳ್ಳುವವರು ಮೊದಲು ಓದಬೇಕಾದದ್ದು ಹೊದಿಕೆಯ ಮೇಲೆ ಸಣ್ಣಕ್ಷರದಲ್ಲಿ ಅಚ್ಚಾಗಿರುವ ಬರಹವನ್ನು. ‘3ಜಿ 1.0’ ಎಂದಿದ್ದರೆ ಅರ್ಥ್ ತಂತಿಯೂ ಸೇರಿ ಮೂರು ತಂತಿಗಳು, ಪ್ರತಿಯೊಂದೂ 1 ಚದರ ಮಿಲಿಮೀಟರ್ ಎಂದರ್ಥ. ಮನೆಯ ಬಹುತೇಕ ಆಂಪ್ಲಿಫೈಯರುಗಳಿಗೆ 0.75 ಅಥವಾ 1 ಧಾರಾಳವಾಗಿ ಸಾಕು. ಸಲಕರಣೆಯ ಬೆನ್ನಿನಲ್ಲಿ ಕಾರ್ಡ್ ಸಿಕ್ಕಿಸುವ ಕುಳಿಗೆ ಹೊಂದುವ ತುದಿಯನ್ನು ಆಯ್ದುಕೊಳ್ಳುವುದೂ ಅಷ್ಟೇ ಮುಖ್ಯ: ಕಂಪ್ಯೂಟರಿಗೂ ಬಳಸುವ ಮೂರು ತೂತಿನ ಸಿ-13 ತುದಿ 10 ಆಂಪಿಯರಿನದು, ಎಂಟರ ಆಕಾರದ ಎರಡು ತೂತಿನ ಸಿ-7 ತುದಿ 2.5 ಆಂಪಿಯರಿನದು. ಈ ಎರಡನೆಯದನ್ನು ಬಳಸುವ ಸಲಕರಣೆಗಳ ಮೇಲೆ ಚೌಕದೊಳಗೊಂದು ಚೌಕದ ಗುರುತಿರುತ್ತದೆ. ಅವುಗಳಿಗೆ ಅರ್ಥ್ ಬೇಕಿಲ್ಲ. ಉಳಿದವುಗಳ ಕಾರ್ಡನ್ನು ಗೋಡೆಗೂ ಸಲಕರಣೆಗೂ ಸಿಕ್ಕಿಸುವ ಮೊದಲೇ, ತಂತಿಯ ಸಂಪರ್ಕ ಪರೀಕ್ಷಿಸುವ ಕ್ರಮದಲ್ಲಿಟ್ಟ ಮಲ್ಟಿಮೀಟರಿನ ಒಂದು ಮೊನೆಯನ್ನು ಅರ್ಥ್ ಪಿನ್ನಿಗೂ ಇನ್ನೊಂದನ್ನು ಆಚೆ ತುದಿಯ ನಡುವಿನ ತೂತಿಗೂ ತಾಗಿಸಿದರೆ ‘ಬೀಪ್’ ಎನ್ನಬೇಕು. ನಾನು ಇಷ್ಟು ಮಾಡಿದ್ದರೆ ಕಾರ್ಡನ್ನು ಕತ್ತರಿಸುವ ಪ್ರಮೇಯವೇ ಬರುತ್ತಿರಲಿಲ್ಲ.

ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಕೇಳಿದಾಕ್ಷಣ ಕಾರ್ಡ್ ಬದಲಿಸಲು ಹೊರಡುವವರಿಗೂ ಒಂದು ಮಾತು. ಆಂಪ್ಲಿಫೈಯರನ್ನು ಒಂದು ಸಾಕೆಟ್ಟಿಗೂ ಅದಕ್ಕೆ ಜೋಡಿಸಿದ ಕಂಪ್ಯೂಟರನ್ನು ದೂರದ ಇನ್ನೊಂದು ಸಾಕೆಟ್ಟಿಗೂ ಸಿಕ್ಕಿಸಿದಾಗ, ಅರ್ಥ್ ತಂತಿಗಳೂ ಅವೆರಡರ ನಡುವೆ ಸಂಗೀತವನ್ನು ಒಯ್ಯುವ ಸಿಗ್ನಲ್ ತಂತಿಯ ಹೊರಕವಚವೂ ಸೇರಿ ಒಂದು ಸುತ್ತು ಪೂರ್ಣಗೊಳ್ಳುವುದು ಈ ಸದ್ದಿಗೆ ಸಾಮಾನ್ಯ ಕಾರಣಗಳಲ್ಲಿ ಒಂದು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತಂದರೆ ಎಷ್ಟೋ ಸಲ ಸದ್ದು ಅಡಗುತ್ತದೆ. ಅರ್ಥ್ ಪಿನ್ನನ್ನೇ ಕಿತ್ತುಹಾಕಿದರೂ ಅಡಗುತ್ತದೆ ಎಂದು ಹೇಳಿಕೊಡುವವರಿದ್ದಾರೆ. ಒಳಗಿನ ಫೇಸ್ ತಂತಿ ಎಂದಾದರೂ ಕವಚಕ್ಕೆ ತಗುಲಿದರೆ ಮುಟ್ಟಿದವರ ಜೀವಕ್ಕೇ ಅಪಾಯವಾದ್ದರಿಂದ ಆ ಸಲಹೆಯನ್ನು ಯಾರೂ ಕೇಳಬಾರದು. ಲೋಹದ ಬಲೆ ಸುತ್ತಿದ ಕಾರ್ಡುಗಳಿಂದ ಸ್ವಲ್ಪ ಪ್ರಯೋಜನವಿದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಪವರ್ ಕಾರ್ಡನ್ನು ಸಿಗ್ನಲ್ ತಂತಿಯಿಂದ ಒಂದು ಗೇಣು ದೂರ ಸರಿಸಿ, ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಿಸಿದರೆ ಆ ಪ್ರಯೋಜನದ ಬಹುಪಾಲು ಖರ್ಚಿಲ್ಲದೆ ದಕ್ಕುತ್ತದೆ.

ಲೇಖನಮಾಲೆಯ ಮುಂದಿನ ಕಂತಿನಲ್ಲಿ ತಂತಿಯ ಗಾತ್ರ, ತುದಿಯ ಆಂಪಿಯರ್ ಮಿತಿ ಮತ್ತು ಅರ್ಥ್ ಪರೀಕ್ಷೆಯ ವಿವರವನ್ನು ಒಂದು ಚಿತ್ರದೊಡನೆ ಪ್ರಕಟಿಸಬೇಕೆಂದು ಲೇಖಕರನ್ನೂ ತಮ್ಮನ್ನೂ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸದ,
ಓದುಗರಲ್ಲೊಬ್ಬರು