ಅರ್ಧಕ್ಕೆ ನಿಂತ ಕಿವಿ ಆಪರೇಷನ್

ಪ್ರೀತಿಯ ಗೆಳೆಯ,

ಫೋನಿನಲ್ಲಿ ನಿನ್ನ ಸಿಟ್ಟು ಕೇಳಿದೆ. "ಕಿವಿ ತಮಟೆಯ ತೂತು ಮುಚ್ಚೋದು ಸಣ್ಣ ಆಪರೇಷನ್ ಅಂದ್ರು, ರಕ್ತ ಬಂತು ಅಂತ ಅರ್ಧಕ್ಕೇ ಬಿಟ್ರು" ಅಂದೆ. ಮಗಳು ಥಿಯೇಟರ್ ಒಳಗಿರುವಾಗ ಹೊರಗೆ ಕೂತ ಅಪ್ಪನಿಗೆ ಎಷ್ಟು ಭಯವಾಗಿರಬೇಡ! ಆದರೆ ನೀನು ಕಳಿಸಿದ ಡಿಸ್ಚಾರ್ಜ್ ಸಮ್ಮರಿ ಓದಿದೆ. ದಿನವೂ ಇದೇ ಆಪರೇಷನ್ ಮಾಡುವವನಾಗಿ ಹೇಳುತ್ತೇನೆ ಕಣೋ, ಅಲ್ಲಿಗೆ ನಿಲ್ಲಿಸಿದ್ದೇ ಸರಿ.

ಮೆದುಳಿನಿಂದ ಇಳಿಯುವ ರಕ್ತ ಕಿವಿಯ ಹಿಂದೆ ಒಂದು ದೊಡ್ಡ ರಕ್ತನಾಳದಲ್ಲಿ ಹಾದು, ತಮಟೆಯ ಹಿಂದಿರುವ ನಡುಗಿವಿಯ ಕೆಳಗೆ ತಿರುಗಿ ಕುತ್ತಿಗೆಗೆ ಹೋಗುತ್ತದೆ. ಆ ತಿರುವಿನ ಉಬ್ಬೇ ಜುಗುಲರ್ ಬಲ್ಬ್. ಸಾಮಾನ್ಯವಾಗಿ ಅದರ ಮೇಲೆ ಮೂಳೆಯ ಹೊದಿಕೆ ಇರುತ್ತದೆ. ಕೆಲವರಲ್ಲಿ ಬಲ್ಬ್ ನಡುಗಿವಿಯೊಳಕ್ಕೇ ಏರಿರುತ್ತದೆ, ಹೊದಿಕೆಯೂ ಇರುವುದಿಲ್ಲ. ಬಲಗಿವಿಯಲ್ಲಿ ಇದು ಜಾಸ್ತಿ. ತಮಟೆಯನ್ನು ಎತ್ತುವಾಗ ಉಪಕರಣ ಸ್ವಲ್ಪ ತಗುಲಿದರೂ ಸಾಕು, ಕಪ್ಪು ರಕ್ತ ಉಕ್ಕುತ್ತದೆ. ರಕ್ತ ತುಂಬಿ ಮೈಕ್ರೋಸ್ಕೋಪಿನಲ್ಲಿ ಏನೂ ಕಾಣುವುದಿಲ್ಲ. ಪುಟ್ಟಿಗೂ ಆಗಿದ್ದು ಇದೇ.

ಆಗ ಡಾಕ್ಟರ್ ಟೇಬಲ್ ಬಾಗಿಸಿ ಅವಳ ತಲೆ ತಗ್ಗಿಸಿ, ರಕ್ತ ನಿಲ್ಲಿಸುವ ಬಟ್ಟೆಯಂಥ ಸರ್ಜಿಸೆಲ್ ಇಟ್ಟು, ಒತ್ತಿ ಹಿಡಿದಿದ್ದಾರೆ. ಈ ನಾಳದಲ್ಲಿ ಒತ್ತಡ ಕಡಿಮೆ, ಒತ್ತಿದರೆ ರಕ್ತ ನಿಲ್ಲುತ್ತದೆ. ತಲೆ ತಗ್ಗಿಸಿದ್ದು ತೆರೆದ ನಾಳದೊಳಕ್ಕೆ ಗಾಳಿ ಸೇರಿ ಹೃದಯಕ್ಕೆ ಹೋಗದಿರಲಿ ಅಂತ. ಹಾಗಂತ ಸಿಕ್ಕಾಪಟ್ಟೆ ತುರುಕುವಂತೆಯೂ ಇಲ್ಲ, ಧ್ವನಿ ಮತ್ತು ನುಂಗುವಿಕೆಯ ನರಗಳು ಪಕ್ಕದಲ್ಲೇ ಇವೆ. ಇಷ್ಟನ್ನೂ ಕ್ಷಣದಲ್ಲಿ ಯೋಚಿಸಿ ಮಾಡಿದ್ದಾರಲ್ಲ, ನನಗೆ ಅವರ ಬಗ್ಗೆ ಗೌರವ ಬಂತು. ಗಾಯವಾದದ್ದು ಮೆದುಳಿಗೆ ರಕ್ತ ಒಯ್ಯುವ, ದಾರಿ ತಪ್ಪಿ ನಡುಗಿವಿಗೆ ಬಂದ ಕೆರೋಟಿಡ್ ನಾಳಕ್ಕೆ ಆಗಿದ್ದರೆ ಕಥೆಯೇ ಬೇರೆ. ಅದು ಅಪಧಮನಿ, ಕೆಂಪು ರಕ್ತ ಚಿಮ್ಮುತ್ತದೆ. ಪ್ಯಾಕ್ ಮಾಡಿ ನೇರ ಆಂಜಿಯೋಗ್ರಾಮ್‌ಗೆ ಓಡಬೇಕಾಗುತ್ತದೆ.

"ಮೊದಲೇ ಸ್ಕ್ಯಾನ್ ಯಾಕೆ ಮಾಡಿಸಲಿಲ್ಲ" ಅಂತ ಕೇಳಿದೆಯಲ್ಲ, ನ್ಯಾಯವಾದ ಪ್ರಶ್ನೆ. ಒಣಗಿದ ಸಾದಾ ತೂತಿಗೆ ಬಹಳ ಕಡೆ ಸಿಟಿ ಮಾಡಿಸುವುದಿಲ್ಲ. ಮಕ್ಕಳಿಗಂತೂ ರೇಡಿಯೇಷನ್ ಯಾಕೆ ಸುಮ್ನೆ ಅಂತ ಹಿಂಜರಿಯುತ್ತೇವೆ. ಆದರೆ ತಮಟೆಯ ಹಿಂದೆ ನೀಲಿ ಛಾಯೆ ಕಂಡರೆ, ಕಿವಿಯಲ್ಲಿ ನಾಡಿಯ ಹಾಗೆ ಡಬ್ ಡಬ್ ಸದ್ದು ಇದ್ದರೆ ಮಾಡಿಸಲೇಬೇಕು. ಪುಟ್ಟಿ ಯಾವತ್ತಾದರೂ ಅಂಥ ಸದ್ದಿನ ಬಗ್ಗೆ ಹೇಳಿದ್ದಳಾ? ಕೇಳಿ ನೋಡು.

ಈಗ ಕಿವಿಯೊಳಗೆ ತುಂಬಿಟ್ಟಿರುವ ಪ್ಯಾಕ್ ಮುಟ್ಟಬೇಡ, ಅವರೇ ತೆಗೆಯಲಿ. ಜ್ವರ, ಜೋರು ತಲೆನೋವು, ವಾಂತಿ, ಧ್ವನಿ ಒಡೆಯುವುದು, ನುಂಗಲು ಕಷ್ಟ, ಮತ್ತೆ ರಕ್ತ, ಇವುಗಳಲ್ಲಿ ಯಾವುದಾದರೂ ಕಂಡರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡು. ಎಲ್ಲ ಮಾಗಿದ ಮೇಲೆ ಮತ್ತೆ ಆಪರೇಷನ್ ಮಾಡಬಹುದು, ಆದರೆ ಅದಕ್ಕೂ ಮುಂಚೆ ಟೆಂಪೊರಲ್ ಬೋನ್ ಸಿಟಿ, ಅಂದರೆ ಕಿವಿಯ ಸುತ್ತಲಿನ ಮೂಳೆಯ ಸ್ಕ್ಯಾನ್, ಬೇಕೇ ಬೇಕು. ರಿಪೋರ್ಟ್ ಕಾಗದವೊಂದೇ ಸಾಲದು, ಸಿಡಿಯನ್ನೂ ಕಳಿಸು. ನಾನೇ ಕೂತು ನೋಡುತ್ತೇನೆ.

ನಿನ್ನ ಗೆಳೆಯ