“ಅದಲ್ಲದಿದ್ದರೆ ಇನ್ನೇನು?” ಎಂದು ಕೇಳಿದವರಿಗೆ

ಸರ್ಜಿಕಲ್ ವಾರ್ಡಿಗೆ ಹೊಸದಾಗಿ ಬರುವ ನರ್ಸ್‌ಗಳಿಗೆ ತರಬೇತಿ ಕೊಡುವ ಹೊಣೆ ಈ ತಿಂಗಳಿನಿಂದ ನನ್ನ ಪಾಲಿಗೆ ಬಂದಿದೆ. ಸುದ್ದಿ ತಿಳಿದು ಹಾರೈಸಿದ ಎಲ್ಲರಿಗೂ ಧನ್ಯವಾದ. ಆದರೆ ನನಗೆ ಈ ಯೋಗ್ಯತೆ ಬಂದಿದ್ದರೆ ಅದನ್ನು ತಂದುಕೊಟ್ಟವರು ಕೆಲವರಿದ್ದಾರೆ. ಅವರ ಹೆಸರು ಬರೆಯುತ್ತಿಲ್ಲ. ಓದಿದರೆ ಅವರವರಿಗೇ ಗೊತ್ತಾಗುತ್ತದೆ.

ಮೊದಲ ನಮಸ್ಕಾರ ನಮ್ಮ ಇನ್‌ಚಾರ್ಜ್ ಸಿಸ್ಟರ್‌ಗೆ. ಮೇಡಂ, ನಾನು ರೀಡಿಂಗ್ ತಂದು ಒಪ್ಪಿಸಿದರೆ ನೀವು ಬರೀ ತಲೆಯಾಡಿಸಿ ಕಳಿಸುತ್ತಿರಲಿಲ್ಲ. “ಉಸಿರಾಟ 24” ಎಂದರೆ “ಬೆಳಿಗ್ಗೆ ಎಷ್ಟಿತ್ತು?” ಎನ್ನುತ್ತಿದ್ದಿರಿ. “16 ಇತ್ತು, ನೋವಿಗೆ ಏರಿರಬೇಕು” ಎಂದರೆ “ಅದಲ್ಲದಿದ್ದರೆ ಇನ್ನೇನು?” ಅಷ್ಟೇ. ಉತ್ತರ ನಾನೇ ಹುಡುಕಬೇಕಿತ್ತು. ಜ್ವರವೋ? ಆಪರೇಷನ್ ಆದ ಮೇಲೆ ಶ್ವಾಸಕೋಶದ ತಳಭಾಗ ಸರಿಯಾಗಿ ಹಿಗ್ಗುತ್ತಿಲ್ಲವೋ? ಕಾಲಿನ ರಕ್ತನಾಳದಿಂದ ಹೆಪ್ಪು ಮೇಲೇರಿದೆಯೋ? ಒಳಗೆ ರಕ್ತ ಸೋರುತ್ತಿದೆಯೋ? ಸೋಂಕು ಮೈಯೆಲ್ಲ ಹರಡುತ್ತಿದೆಯೋ? ಒಂದೊಂದಕ್ಕೂ ಮುಂದೆ ನೋಡಬೇಕಾದದ್ದು ಬೇರೆ. ನೋವಿನ ಔಷಧ ಕೊಟ್ಟು ನೋವು ತಗ್ಗಿದ ಮೇಲೂ ಉಸಿರು ಇಳಿಯದಿದ್ದರೆ ಮೊದಲ ಊಹೆಯನ್ನು ಕೈಬಿಡಬೇಕು. ಯಾವುದನ್ನು ಕಂಡರೆ ನನ್ನ ಊಹೆಯನ್ನು ಬಿಟ್ಟುಕೊಡುತ್ತೇನೆ ಎಂದು ಮೊದಲೇ ತೀರ್ಮಾನಿಸಿಕೊಳ್ಳುವ ಅಭ್ಯಾಸ ನಿಮ್ಮಿಂದ ಬಂದದ್ದು.

ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕೆಂದು ಹಠ ಹಿಡಿದವರೂ ನೀವೇ. ವಿಶ್ರಾಂತಿಯಲ್ಲಿರುವ ವಯಸ್ಕರಿಗೆ ನಿಮಿಷಕ್ಕೆ 12ರಿಂದ 20 ಇದ್ದರೆ ಸಹಜ. ಬಿ.ಪಿ. ಕುಸಿಯುವುದಕ್ಕೆ ಎಷ್ಟೋ ಮೊದಲೇ ಉಸಿರಾಟ ಬದಲಾಗಿರುತ್ತದೆ. ಆದರೂ ಚಾರ್ಟಿನಲ್ಲಿ ಅಂದಾಜಿಗೆ ತುಂಬಿಬಿಡುವ ಅಂಕಿ ಎಂದರೆ ಅದೇ. ಇದನ್ನು ನೆನೆದರೆ ನನಗೆ ಇವತ್ತಿಗೂ ಬೇಸರವಾಗುತ್ತದೆ. ಉಸಿರನ್ನು ನಿಧಾನಿಸಬಲ್ಲ ನೋವಿನ ಔಷಧ ಮಾರ್ಫಿನ್ ಹೋಗುತ್ತಿರುವ, ಆಕ್ಸಿಜನ್ ಹಾಕಿರುವ ರೋಗಿಯಲ್ಲಿ ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ಶೇಕಡಾ 98 ತೋರಿಸುತ್ತಲೇ ಇರಬಹುದು. ಅದೇ ಹೊತ್ತಿಗೆ ಉಸಿರು ನಿಧಾನವಾಗಿ ಇಂಗಾಲದ ಡೈಆಕ್ಸೈಡ್ ಒಳಗೇ ತುಂಬುತ್ತಿರಬಹುದು. ಬೆರಳಿಗೆ ಸಿಕ್ಕಿಸಿದ ಯಂತ್ರ ಅದನ್ನು ಹೇಳುವುದಿಲ್ಲ. ಎದೆ ಏರಿಳಿಯುವುದನ್ನು ಕಣ್ಣಾರೆ ನೋಡಿದವರಿಗೆ ಅದು ತಿಳಿಯುತ್ತದೆ.

ಕಾಲೇಜಿನಲ್ಲಿ ಮೆಡಿಕಲ್-ಸರ್ಜಿಕಲ್ ನರ್ಸಿಂಗ್ ಕಲಿಸಿದ ಸರ್, ನಿಮಗೂ ಋಣಿ. ನರ್ಸ್ ಹೇಗೆ ಯೋಚಿಸಿ ತೀರ್ಮಾನಕ್ಕೆ ಬರುತ್ತಾರೆಂದು ನರ್ಸಿಂಗ್ ಪ್ರಾಧ್ಯಾಪಕಿ ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ ವಿವರಿಸಿದ ನಾಲ್ಕು ಹೆಜ್ಜೆಗಳನ್ನು ನೀವು ಬರೆಸಿದಾಗ ಪರೀಕ್ಷೆಗೆ ಬೇಕು ಎಂದಷ್ಟೇ ಬರೆದುಕೊಂಡಿದ್ದೆ: ಗಮನಿಸು, ಅರ್ಥ ಮಾಡಿಕೋ, ಸ್ಪಂದಿಸು, ಆಮೇಲೆ ತಿರುಗಿ ನೋಡು. ಗಮನಿಸುವುದಕ್ಕೆ ಏನನ್ನು ನಿರೀಕ್ಷಿಸಬೇಕೆಂದು ಮೊದಲೇ ಗೊತ್ತಿರಬೇಕು ಎಂದು ನೀವು ಒತ್ತಿ ಹೇಳಿದ್ದು ವಾರ್ಡಿನಲ್ಲಿ ಅರ್ಥವಾಯಿತು. ಆಪರೇಷನ್ ಆಗಿ ಎರಡನೇ ದಿನದ ರೋಗಿ ಹೇಗಿರಬೇಕೆಂಬ ಚಿತ್ರ ಮನಸ್ಸಿನಲ್ಲಿ ಇಲ್ಲದಿದ್ದರೆ ಅವರು ಹಾಗಿಲ್ಲ ಎಂಬುದು ಕಣ್ಣಿಗೆ ಬೀಳುವುದೇ ಇಲ್ಲ.

ನೈಟ್ ಡ್ಯೂಟಿಯ ಗೆಳತಿಗೆ ಏನು ಹೇಳಲಿ. ಶಿಫ್ಟ್ ಬದಲಾಗುವಾಗ ರೋಗಿಗಳನ್ನು ಒಪ್ಪಿಸುವ ಹ್ಯಾಂಡೋವರ್‌ನಲ್ಲಿ ಯಾರಾದರೂ “ಆ ಬೆಡ್ಡಿನವರು ತುಂಬಾ ಕಿರಿಕಿರಿ” ಎಂದು ದಾಟಿಸಿದರೆ ನೀನು ಅಲ್ಲಿಗೆ ಬಿಟ್ಟವಳಲ್ಲ. “ಕಿರಿಕಿರಿ ಯಾವಾಗಿನಿಂದ?” ಎಂದು ಕೇಳುತ್ತೀಯ. ನಿದ್ದೆಯ ಔಷಧ ಕೇಳುವ ಮೊದಲು ಆಕ್ಸಿಜನ್, ಸಕ್ಕರೆ, ನೋವು, ಮೂತ್ರ ಕಟ್ಟಿ ಉಬ್ಬಿದ ಹೊಟ್ಟೆ, ಎಲ್ಲವನ್ನೂ ನೋಡಿ ಬರುತ್ತೀಯ. ಒಬ್ಬರ ಬಾಯಿಂದ ಬಂದ ಒಂದು ವಿಶೇಷಣ ಮೂರು ಶಿಫ್ಟ್ ದಾಟುವುದರೊಳಗೆ ರೋಗಿಯ ಸ್ವಭಾವವೇ ಆಗಿಬಿಡುತ್ತದೆ, ಆಮೇಲೆ ಯಾರೂ ಕಾರಣ ಹುಡುಕುವುದಿಲ್ಲ. ಅದನ್ನು ತಡೆಯುವುದನ್ನು ನಿನ್ನನ್ನು ನೋಡಿ ಕಲಿತೆ.

ಇವರೆಲ್ಲ ಕಲಿಸಿದ್ದು ಒಟ್ಟಿಗೆ ಕೂಡಿಬಂದ ಒಂದು ರಾತ್ರಿಯ ಬಗ್ಗೆ ಹೇಳಲೇಬೇಕು. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ. ಹೊಟ್ಟೆಯ ಆಪರೇಷನ್ ಆದವರು. ನಾಡಿ 84, ಬಿ.ಪಿ. ಸ್ವಲ್ಪ ಇಳಿದಿದ್ದರೂ ಹೆದರಿಸುವಂತೆ ಇರಲಿಲ್ಲ. ಆದರೆ ಕೈ ತಣ್ಣಗಿತ್ತು, ಮಲಗಿದಲ್ಲಿ ನಿಲ್ಲದೆ ಹೊರಳಾಡುತ್ತಿದ್ದರು, ಗಂಟೆಗೆ ಬರುತ್ತಿದ್ದ ಮೂತ್ರ ಕಡಿಮೆಯಾಗುತ್ತಾ ಬಂದಿತ್ತು. ಸಾಮಾನ್ಯವಾಗಿ ತೂಕದ ಪ್ರತಿ ಕಿಲೋಗೆ ಗಂಟೆಗೆ ಅರ್ಧ ಮಿಲಿಲೀಟರ್ ಆದರೂ ಬರಬೇಕು; 60 ಕಿಲೋ ಇರುವವರಿಗೆ 30 ಮಿಲಿಲೀಟರ್. ರಕ್ತ ಸೋರಿದರೆ ಸಾಮಾನ್ಯವಾಗಿ ನಾಡಿ ಓಡುತ್ತದೆ; ಇಲ್ಲಿ ಏರದಿದ್ದುದೇ ಸಮಾಧಾನ ಎಂದುಕೊಳ್ಳಬಹುದಿತ್ತು. ಆಗ ನಮ್ಮ ಫಾರ್ಮಸಿಸ್ಟ್ ಅಣ್ಣ ಹಿಂದೊಮ್ಮೆ ಹೇಳಿದ್ದು ನೆನಪಾಯಿತು: ಹೃದಯದ ಬಡಿತವನ್ನು ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಕ್ತ ಸೋರುತ್ತಿದ್ದರೂ ನಾಡಿ ಓಡದೇ ಇರಬಹುದು. ಇವರು ಬಿ.ಪಿ.ಗೆ ವರ್ಷಗಳಿಂದ ಅದೇ ಗುಂಪಿನ ಮಾತ್ರೆ ತೆಗೆದುಕೊಳ್ಳುತ್ತಿದ್ದವರು. ಅಣ್ಣ, ಔಷಧಿ ಟ್ರೇ ಮುಂದೆ ನಿಂತು ನೀವು ಹೇಳಿದ ಆ ಎರಡು ಮಾತು ಎಷ್ಟು ದೂರ ಬಂತು ನೋಡಿ.

ಆ ರಾತ್ರಿ ಫೋನ್ ಎತ್ತಿದ ಡಾಕ್ಟರಿಗೆ ನನ್ನ ದೊಡ್ಡ ಧನ್ಯವಾದ. ಪರಿಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ನನ್ನ ಕೋರಿಕೆ ಎಂಬ ಕ್ರಮದಲ್ಲಿ ಹೇಳಿದೆ. ಅಮೆರಿಕದ ನೌಕಾಪಡೆಯಲ್ಲಿ ಶುರುವಾಗಿ ಆಸ್ಪತ್ರೆಗಳಿಗೆ ಬಂದ ಈ ಕ್ರಮದಲ್ಲಿ ನಾವು ನರ್ಸ್‌ಗಳು ಹೆಚ್ಚಾಗಿ ನುಂಗಿಕೊಳ್ಳುವುದು ಕೊನೆಯದನ್ನೇ. “ಒಳಗೆ ರಕ್ತಸ್ರಾವ ಇರಬಹುದು ಅನ್ನಿಸುತ್ತಿದೆ ಸರ್, ಈಗಲೇ ಬಂದು ನೋಡಬೇಕು” ಎಂದೆ. “ಬಿ.ಪಿ. ಇದೆಯಲ್ಲ” ಎಂದು ನೀವು ಹೇಳಲಿಲ್ಲ. ಬಂದಿರಿ. ಹಿಮೋಗ್ಲೋಬಿನ್ ಅಷ್ಟೇನೂ ಇಳಿದಿರಲಿಲ್ಲ. ದಿಢೀರ್ ರಕ್ತಸ್ರಾವದಲ್ಲಿ ಆ ಅಂಕಿ ತಡವಾಗಿ ಇಳಿಯುತ್ತದೆಂದು ನನಗೆ ಬಿಡಿಸಿ ಹೇಳುತ್ತಲೇ ಸ್ಕ್ಯಾನಿಗೆ ಬರೆದಿರಿ. ಅವರು ಮತ್ತೆ ಥಿಯೇಟರಿಗೆ ಹೋದರು, ಗುಣವಾಗಿ ಮನೆಗೂ ಹೋದರು. ನರ್ಸ್ ಎಷ್ಟೇ ಚೆನ್ನಾಗಿ ಯೋಚಿಸಿದರೂ ಆ ಕಡೆ ಕೇಳುವವರಿಲ್ಲದಿದ್ದರೆ ರೋಗಿಗೆ ಏನೂ ದಕ್ಕುವುದಿಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕೆಂದೇ ಇಷ್ಟು ಬರೆದೆ.

ಇನ್ನು ಆ ರೋಗಿಯ ಹೆಂಡತಿಗೆ. ಅಮ್ಮಾ, ಇದೆಲ್ಲ ಶುರುವಾದದ್ದು ನಿಮ್ಮಿಂದ. “ಇವರು ಹೀಗೆ ಮಾತಾಡುವವರೇ ಅಲ್ಲ ಸಿಸ್ಟರ್” ಎಂದು ಸ್ಟೇಷನ್ ತನಕ ಬಂದು ಹೇಳಿದಿರಿ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದ, ರೋಗಿಯ ಸ್ಥಿತಿ ಹದಗೆಡುತ್ತಿದೆಯೇ ಎಂದು ಅಂಕ ಹಾಕಿ ನೋಡುವ ಎಚ್ಚರಿಕೆಯ ಅಂಕಪಟ್ಟಿಯನ್ನು 2017ರಲ್ಲಿ ತಿದ್ದಿದಾಗ ಹೊಸದಾಗಿ ಕಂಡ ಗೊಂದಲವನ್ನೂ ಸೇರಿಸಿ ಅದಕ್ಕೆ ಪೂರ್ತಿ 3 ಅಂಕ ಕೊಟ್ಟರು. ಅದು ಹೊಸದೋ ಹಳೆಯದೋ ಎಂದು ನಮಗೆ ಹೇಗೆ ಗೊತ್ತಾಗಬೇಕು? ಅವರೊಂದಿಗೆ ಬಾಳಿದವರೇ ಹೇಳಬೇಕು. ಮಗಳ ಬಗ್ಗೆ ತಂದೆತಾಯಿ ಪಟ್ಟ ಆತಂಕ ಯಾರ ಕಿವಿಗೂ ಬೀಳದೆ 13 ವರ್ಷದ ಮಾರ್ಥಾ ಮಿಲ್ಸ್ 2021ರಲ್ಲಿ ತೀರಿಕೊಂಡ ಮೇಲೆ, ಮನೆಯವರೇ ತುರ್ತು ತಪಾಸಣೆ ಕೇಳಬಹುದಾದ ವ್ಯವಸ್ಥೆ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ 2024ರಿಂದ ಜಾರಿಗೆ ಬರತೊಡಗಿತು. ಮಾರ್ಥಾಳ ಹೆಸರನ್ನೇ ಅದಕ್ಕಿಟ್ಟಿದ್ದಾರೆ.

ನೀವು ಹೇಳಿದ್ದನ್ನು ನೀವು ಹೇಳಿದ ಮಾತಿನಲ್ಲೇ, ಗಂಟೆ ನಿಮಿಷ ಸಮೇತ, ಚಾರ್ಟಿನಲ್ಲಿ ಬರೆದಿದ್ದೆ ಅಮ್ಮಾ. ಡಾಕ್ಟರ್ ಬಂದವರು ಮೊದಲು ಓದಿದ್ದು ಅದನ್ನೇ. ಇದು ನಿಮಗೆ ಗೊತ್ತಾಗಲಿ.