ಹಳೇ ರೀಲುಗಳನ್ನು ಗುಜರಿಗೆ ಹಾಕಬೇಡಿ

ಮಾನ್ಯರೇ,

ಹಳೇ ಕನ್ನಡ ಸಿನಿಮಾ ಅಂದರೆ ನನಗೆ ಪ್ರಾಣ. ಅದನ್ನು ತೋರಿಸುತ್ತಿದ್ದ ಯಂತ್ರಗಳೂ ಅಷ್ಟೇ ಇಷ್ಟ. ಪ್ರೊಜೆಕ್ಟರ್ ರೂಮಿನಲ್ಲಿ ಎರಡು ಯಂತ್ರ ಇರುತ್ತಿದ್ದವು, ಒಳಗೆ ಎರಡು ಕಾರ್ಬನ್ ಕಡ್ಡಿಗಳ ನಡುವೆ ಕಣ್ಣು ಕುಕ್ಕುವ ಬೆಳಕು ಉರಿಯುತ್ತಿತ್ತು, ಕಡ್ಡಿ ಸವೆದ ಹಾಗೆಲ್ಲ ಆಪರೇಟರ್ ಅದರ ಮೇಲೆ ಕಣ್ಣಿಟ್ಟೇ ಇರಬೇಕಿತ್ತು. ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಚುಕ್ಕೆ ಮಿನುಗಿದರೆ ರೀಲು ಮುಗೀತು, ಇನ್ನೊಂದು ಯಂತ್ರ ಶುರು ಮಾಡು ಅಂತ ಅರ್ಥ. ಆ ಚುಕ್ಕೆ ಈಗಲೂ ಕೆಲವು ಹಳೇ ಪ್ರಿಂಟ್‌ಗಳಲ್ಲಿ ಕಾಣುತ್ತದೆ, ಗಮನಿಸಿ ನೋಡಿ.

ಈಗ ಟಿವಿಯಲ್ಲಿ ಅದೇ ಕಪ್ಪುಬಿಳುಪು ಚಿತ್ರಗಳನ್ನು ಅಗಲಕ್ಕೆ ಎಳೆದು ತೋರಿಸುತ್ತಾರೆ. ಮುಖಗಳೆಲ್ಲ ಚಪ್ಪಟೆ. ತುಂಬಾ ಬೇಜಾರಾಗುತ್ತದೆ.

ಅದಕ್ಕಿಂತ ಜಾಸ್ತಿ ನೋವಿನ ವಿಷಯ ಇನ್ನೊಂದಿದೆ. ಕನ್ನಡದ ಮೊದಲ ಟಾಕಿ, 1934ರ 'ಸತಿ ಸುಲೋಚನ'ದ ಪ್ರಿಂಟೇ ಇವತ್ತು ಇಲ್ಲ. ಆಮೇಲಿನ ಚಿತ್ರಗಳ ರೀಲುಗಳಿಗೆ ಬಳಸಿದ ಅಸಿಟೇಟ್ (ಒಂದು ಬಗೆಯ ಪ್ಲಾಸ್ಟಿಕ್) ಫಿಲ್ಮ್ ಕೂಡ ಸೆಕೆಗೆ, ತೇವಕ್ಕೆ ಕೆಡುತ್ತದೆ, ಡಬ್ಬಿ ತೆರೆದರೆ ವಿನೆಗರ್ ವಾಸನೆ ಹೊಡೆಯುತ್ತದೆ, ಒಮ್ಮೆ ಶುರುವಾದರೆ ತಂಪಿನಲ್ಲಿಟ್ಟು ನಿಧಾನ ಮಾಡಬಹುದೇ ಹೊರತು ವಾಸಿ ಮಾಡೋಕಾಗಲ್ಲ. ನೋಡುವವರು ಇಲ್ಲ ಅಂತ ಸುಮ್ನೆ ಹೇಳಬೇಡಿ. 1971ರ 'ಕಸ್ತೂರಿ ನಿವಾಸ' ಬಣ್ಣ ತುಂಬಿಕೊಂಡು 2014ರಲ್ಲಿ ಬಂದಾಗ ಜನ ಮತ್ತೆ ಥಿಯೇಟರಿಗೆ ಹೋದರು ಅಲ್ವಾ?

ನಿರ್ಮಾಪಕರ ಮನೆಯವರಲ್ಲಿ, ಹಳೇ ಟಾಕೀಸ್ ಮಾಲೀಕರಲ್ಲಿ ಒಂದು ಕೋರಿಕೆ. ಗೋಡೌನಿನಲ್ಲಿ ಡಬ್ಬಿಗಳಿದ್ದರೆ ಗುಜರಿಗೆ ಕೊಡುವ ಮೊದಲು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಒಮ್ಮೆ ಕೇಳಿ. ಸರ್ಕಾರವೂ ಬೆಂಗಳೂರಿನಲ್ಲಿ ಇವುಗಳಿಗೆ ತಂಪಾದ ಒಂದು ಉಗ್ರಾಣ ಮಾಡಲಿ.

- ಒಬ್ಬ ಸಿನಿಮಾ ಪ್ರೇಮಿ, ಮೈಸೂರು